ಲಿವರ್ ತಾನೇ ಎಳೆದುಕೊಂಡ ವಿಷ: ಸಾಂಟಾ ಕ್ರೂಜ್‌ನ ಒಂದು ಅಣಬೆ ಪ್ರಕರಣ

2007ರ ಜನವರಿ. ಕ್ಯಾಲಿಫೋರ್ನಿಯಾದ ಕಡಲತೀರದ ಊರು ಸಾಂಟಾ ಕ್ರೂಜ್. ಒಂದೇ ಕುಟುಂಬದ ಆರು ಜನ ಆಸ್ಪತ್ರೆ ಸೇರಿದರು. ಹತ್ತಿರದ ಸ್ಟೇಟ್ ಪಾರ್ಕ್‌ಗೆ ಸುತ್ತಾಡಲು ಹೋದಾಗ ಕಂಡ ಅಣಬೆಗಳನ್ನು ಕಿತ್ತು ತಂದು, ಬೇಯಿಸಿ, ಟಾಕೊ (ಮಡಚಿದ ಮೆಕ್ಸಿಕನ್ ರೊಟ್ಟಿ) ಮಾಡಿಕೊಂಡು ತಿಂದಿದ್ದರು. ಅವರಲ್ಲಿ 80 ದಾಟಿದ ಒಬ್ಬ ಅಜ್ಜಿಯೂ ಇದ್ದರು. ತಿಂದದ್ದು ಡೆತ್ ಕ್ಯಾಪ್. ಜಗತ್ತಿನಲ್ಲಿ ಅಣಬೆ ತಿಂದು ಆಗುವ ಸಾವುಗಳಲ್ಲಿ ಹೆಚ್ಚಿನ ಪಾಲು ಈ ಒಂದು ಜಾತಿಯದೇ.

ಆರರಲ್ಲಿ ಐದು ಜನ ಬದುಕಿದರು. ಅಜ್ಜಿ ಉಳಿಯಲಿಲ್ಲ. ಅವರ ಲಿವರ್ ಸುಧಾರಿಸುತ್ತಿತ್ತು. ಕೈಕೊಟ್ಟದ್ದು ಕಿಡ್ನಿ. ಲಿವರ್‌ಗೆ ಹೊಡೆಯುವ ವಿಷ ಅಂತ ಎಲ್ಲ ಪುಸ್ತಕಗಳಲ್ಲೂ ಬರೆದಿರುವ ವಿಷಕ್ಕೆ ಸಿಕ್ಕಿದವರು ಕಿಡ್ನಿ ಸೋತು ತೀರಿಕೊಂಡದ್ದು ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಲಿವರ್ ಜೀವಕೋಶದ ಗೋಡೆಯವರೆಗೂ ಹೋಗಬೇಕಾಗುತ್ತದೆ. ಅಲ್ಲಿ ಶಕ್ತಿ ಹೇಗೆ ಖರ್ಚಾಗುತ್ತದೆ, ಆ ಖರ್ಚಿನಿಂದ ಏನು ಒಳಗೆ ಬರುತ್ತದೆ ಅಂತ ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕುಟುಂಬದವರ ಹೆಸರು, ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ.

ಅಣಬೆಯ ಹಿನ್ನೆಲೆ

ಡೆತ್ ಕ್ಯಾಪ್ ಯುರೋಪಿನ ಅಣಬೆ. ಕ್ಯಾಲಿಫೋರ್ನಿಯಾದ್ದಲ್ಲ. ಯುರೋಪಿನಿಂದ ತಂದು ನೆಟ್ಟ ಮರಗಳ ಬೇರಿನ ಜೊತೆ ಬಂದು, ಆಮೇಲೆ ಅಲ್ಲಿನ ಓಕ್ ಮರಗಳಿಗೆ ಹೊಂದಿಕೊಂಡು ಕರಾವಳಿಯ ಉದ್ದಕ್ಕೂ ಹರಡಿತು. ಚಳಿಗಾಲದ ಮಳೆ ಬಿದ್ದ ಮೇಲೆ ಓಕ್ ಮರದ ಬುಡದಲ್ಲಿ ಏಳುತ್ತದೆ. ತಿಳಿ ಹಸಿರು ಮಿಶ್ರಿತ ಹಳದಿ ಕೊಡೆ, ಕೊಡೆಯ ಕೆಳಗೆ ಬಿಳಿ ಪದರಗಳು, ಕಾಂಡಕ್ಕೊಂದು ಉಂಗುರ, ಬುಡದಲ್ಲಿ ಮಣ್ಣಿನೊಳಗೆ ಅಡಗಿರುವ ಒಂದು ಬಟ್ಟಲು. ರುಚಿ ಚೆನ್ನಾಗಿರುತ್ತದೆ ಅಂತ ತಿಂದು ಬದುಕಿದವರು ಹೇಳಿದ್ದಾರೆ. ಕಹಿ ಇಲ್ಲ, ಕೆಟ್ಟ ವಾಸನೆ ಇಲ್ಲ. ಹುರಿದರೂ, ಕುದಿಸಿದರೂ, ಒಣಗಿಸಿದರೂ ವಿಷ ಹೋಗುವುದಿಲ್ಲ.

ನಮ್ಮವರಿಗೂ ಇದಕ್ಕೂ ನೇರ ಸಂಬಂಧವಿದೆ. ಮಲೆನಾಡು, ಕರಾವಳಿಯಲ್ಲಿ ಮೊದಲ ಮಳೆಗೆ ಹುತ್ತದ ಸುತ್ತ ಏಳುವ ಅಣಬೆ ಹುಡುಕಿಕೊಂಡು ಬೆಳೆದವರು ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ಸಾವಿರಾರು ಜನ ಇದ್ದಾರೆ. ನಮ್ಮಲ್ಲಿ ಭತ್ತದ ಹುಲ್ಲಿನ ಮೇಲೆ ಬೆಳೆಸುವ ಅಣಬೆಗೂ ಬುಡದಲ್ಲಿ ಬಟ್ಟಲಿರುತ್ತದೆ. ಎಳೆಯದಾಗಿದ್ದಾಗ ಅದೂ ಡೆತ್ ಕ್ಯಾಪೂ ಮೊಟ್ಟೆಯ ಹಾಗೆ ಕಾಣುತ್ತವೆ. ಏಷ್ಯಾದಿಂದ ಹೋಗಿ ನೆಲೆಸಿದವರು ಈ ಎರಡರ ನಡುವೆ ಮೋಸಹೋದದ್ದು ಅಮೆರಿಕದಲ್ಲೂ ಆಸ್ಟ್ರೇಲಿಯಾದಲ್ಲೂ ದಾಖಲಾಗಿದೆ. ಊರಿನಲ್ಲಿ ಕಲಿತ ಕಣ್ಣು ಊರಿನ ಅಣಬೆಗೆ ಮಾತ್ರ ಸರಿ. ಊರಿನಲ್ಲಿ ವಿಷದ ಜೋಡಿ ಇಲ್ಲದ ಅಣಬೆಗೆ ಪರದೇಶದಲ್ಲಿ ಅದರ ಹಾಗೇ ಕಾಣುವ ವಿಷದ ಜೋಡಿ ಇರುತ್ತದೆ.

ಸಮಸ್ಯೆ ಏನು

ಈ ಅಣಬೆಯ ಮುಖ್ಯ ವಿಷ ಆಲ್ಫಾ ಅಮಾನಿಟಿನ್. ಎಂಟು ಅಮೈನೊ ಆಮ್ಲಗಳು ಸೇರಿ ಉಂಗುರ ಕಟ್ಟಿಕೊಂಡ ಚಿಕ್ಕ ಅಣು. ಮನುಷ್ಯನ ತೂಕದ ಪ್ರತಿ ಕಿಲೊಗೆ ಸುಮಾರು 0.1 ಮಿಲಿಗ್ರಾಂ ಸಾಕು, ಸಾವು ಬರಬಹುದು. ಒಂದು ದೊಡ್ಡ ಅಣಬೆಯಲ್ಲೇ ಅಷ್ಟು ಇರಬಹುದು.

ಜೀವಕೋಶದೊಳಗೆ ಇದು ಹಿಡಿಯುವುದು ಆರ್‌ಎನ್‌ಎ ಪಾಲಿಮರೇಸ್ 2 ಎಂಬ ಯಂತ್ರವನ್ನು. ಡಿಎನ್‌ಎಯಲ್ಲಿರುವ ಸೂಚನೆಯನ್ನು ನಕಲು ಮಾಡಿ ಪ್ರೋಟೀನ್ ತಯಾರಿಗೆ ಕಳಿಸುವ ಯಂತ್ರ ಅದು. ಅಮಾನಿಟಿನ್ ಅದರ ಸಂದಿಯಲ್ಲಿ ಕೂತರೆ ನಕಲು ಹೆಚ್ಚೂಕಮ್ಮಿ ನಿಂತೇಹೋಗುತ್ತದೆ. ಎರಡೂ ಸೇರಿಕೊಂಡಾಗ ಹೇಗೆ ಕಾಣುತ್ತವೆ ಎಂಬ ರಚನೆಯನ್ನು 2002ರಲ್ಲಿ ರೋಜರ್ ಕಾರ್ನ್‌ಬರ್ಗ್ ಅವರ ಪ್ರಯೋಗಾಲಯ ತೋರಿಸಿತು. ನಕಲು ಯಂತ್ರದ ಕೆಲಸವನ್ನು ಬಿಡಿಸಿ ತೋರಿಸಿದ್ದಕ್ಕೆ ಅವರಿಗೆ 2006ರಲ್ಲಿ ನೊಬೆಲ್ ಬಂತು.

ನಕಲು ನಿಂತ ತಕ್ಷಣ ಜೀವಕೋಶ ಸಾಯುವುದಿಲ್ಲ. ಇರುವ ಪ್ರೋಟೀನ್‌ಗಳಲ್ಲೇ ಸ್ವಲ್ಪ ಹೊತ್ತು ನಡೆಯುತ್ತದೆ. ಬೇಗ ಕರಗುವ ಪ್ರೋಟೀನ್‌ಗಳು ಮೊದಲು ಖಾಲಿಯಾಗುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಲ್ಲಿ ಕೆಲವಕ್ಕೆ ಆಯಸ್ಸು ಕೆಲವೇ ಗಂಟೆ. ಆದ್ದರಿಂದ ರಕ್ತ ಹೆಪ್ಪುಗಟ್ಟುವುದು ತಡವಾಗುವುದೇ ಲಿವರ್ ಸೋಲುತ್ತಿರುವುದರ ದೊಡ್ಡ ಸೂಚನೆ. ವೈದ್ಯರು ಈ ತಡವನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುವುದು ಅದಕ್ಕೇ.

ಇದೇ ಕಾರಣಕ್ಕೆ ಕಾಯಿಲೆಗೂ ಒಂದು ಮೋಸದ ನಡಿಗೆ ಇದೆ. ತಿಂದು ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ದಿನ ಏನೂ ಆಗುವುದಿಲ್ಲ. ಆಮೇಲೆ ಕಾಲರಾ ಬಂದ ಹಾಗೆ ವಾಂತಿ, ನೀರು ನೀರಾದ ಭೇದಿ. ಮೂರನೆಯ ಹಂತ ಇನ್ನೂ ಭಯಂಕರ. ಎರಡನೆಯ ದಿನದ ಹೊತ್ತಿಗೆ ವಾಂತಿ ಭೇದಿ ತಗ್ಗಿ ರೋಗಿ ಹುಷಾರಾದ ಹಾಗೆ ಕಾಣುತ್ತಾರೆ. ಫುಡ್ ಪಾಯ್ಸನಿಂಗ್ ಅಂತ ಗ್ಲೂಕೋಸ್ ಹಾಕಿ ಮನೆಗೆ ಕಳಿಸುವುದು ಈ ಹಂತದಲ್ಲೇ. ಅಷ್ಟರಲ್ಲಿ ಒಳಗೆ ಲಿವರ್ ಸಾಯುತ್ತಿರುತ್ತದೆ. ಲಿವರ್ ಜೀವಕೋಶ ಸತ್ತಾಗ ರಕ್ತಕ್ಕೆ ಸೋರುವ ಎಎಲ್‌ಟಿ, ಎಎಸ್‌ಟಿ ಎಂಬ ಕಿಣ್ವಗಳ ಅಂಕಿಗಳು ಸಾವಿರಗಳಿಗೆ ಏರುತ್ತವೆ. ಮೂರನೆಯ ದಿನದಿಂದ ಕಾಮಾಲೆ, ರಕ್ತಸ್ರಾವ, ಪ್ರಜ್ಞೆ ತಪ್ಪುವುದು.

ಆಲ್ಫಾ ಅಮಾನಿಟಿನ್ ಎಲ್ಲ ಜೀವಕೋಶಕ್ಕೂ ವಿಷವೇ. ನಕಲು ಯಂತ್ರ ಎಲ್ಲದರಲ್ಲೂ ಇದೆ. ಹಾಗಿದ್ದರೆ ಲಿವರ್‌ಗೇ ಯಾಕೆ ಇಷ್ಟು ಪೆಟ್ಟು? ಸ್ನಾಯುವಿಗೆ, ಚರ್ಮಕ್ಕೆ ಯಾಕಿಲ್ಲ? ಪ್ರಕರಣದ ತಿರುಳು ಇರುವುದು ಇಲ್ಲಿ.

ಲಿವರ್ ಎಳೆದುಕೊಳ್ಳುವ ಬಗೆ

ಲಿವರ್‌ನ ತೂಕ ಸುಮಾರು ಒಂದೂವರೆ ಕಿಲೊ. ಸುಮ್ನೆ ಮಲಗಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಇದಕ್ಕೇ ಹೋಗುತ್ತದೆ. ಕರುಳಿನಿಂದ ಬರುವ ರಕ್ತ ಬೇರೆಲ್ಲೂ ಹೋಗದೆ ಮೊದಲು ಇಲ್ಲಿಗೇ ಬರುತ್ತದೆ. ಇಲ್ಲಿನ ರಕ್ತನಾಳಗಳ ಗೋಡೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ. ಹಾಗಾಗಿ ರಕ್ತದ ದ್ರವ ಭಾಗ ಲಿವರ್ ಜೀವಕೋಶವನ್ನು ನೇರವಾಗಿ ಮುಟ್ಟುತ್ತದೆ. ಬೇರೆ ಅಂಗಗಳಲ್ಲಿ ಇಷ್ಟು ಸಲೀಸಾದ ಸಂಪರ್ಕ ಅಪರೂಪ.

ಮುಟ್ಟಿದರೆ ಸಾಲದು. ಜೀವಕೋಶದ ಪೊರೆ ಕೊಬ್ಬಿನದು. ಪಿತ್ತದ ಆಮ್ಲಗಳು, ಬಿಲಿರುಬಿನ್, ಹಾರ್ಮೋನ್‌ಗಳ ಉಳಿಕೆ, ಎಷ್ಟೋ ಔಷಧಗಳು ತಾವಾಗಿ ಅದನ್ನು ದಾಟಲಾರವು, ಅಥವಾ ಬೇಕಾದಷ್ಟು ಬೇಗ ದಾಟಲಾರವು. ಅವನ್ನು ಹಿಡಿದು ಒಳಗೆ ತರುವುದಕ್ಕೆ ಪೊರೆಯಲ್ಲಿ ಸಾಗಣೆ ಪ್ರೋಟೀನ್‌ಗಳಿವೆ. ಕೆಲಸಕ್ಕೆ ಕಾಸು ಬೇಕಲ್ವಾ? ಜೀವಕೋಶದ ಕಾಸು ಎಟಿಪಿ.

ಆದರೆ ಆ ಎಟಿಪಿ ಖರ್ಚಾಗುವ ಜಾಗ ಬೇರೆ, ಸರಕು ಒಳಗೆ ಬರುವ ಜಾಗ ಬೇರೆ. ಪೊರೆಯ ಮೇಲೆ ಸೋಡಿಯಂ ಪಂಪ್ ಇದೆ. ಒಂದು ಎಟಿಪಿ ಸುಟ್ಟು ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಇದು ಹಗಲೂ ರಾತ್ರಿ ನಡೆದು, ಹೊರಗಿನ ಸೋಡಿಯಂ ಒಳಗಿನದ್ದಕ್ಕಿಂತ ಸುಮಾರು ಹತ್ತು ಪಟ್ಟು ಇರುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಕರೆಂಟು ಬೇಕಾದದ್ದು ಮೋಟಾರ್‌ಗೆ. ಟ್ಯಾಂಕ್ ತುಂಬಿದ ಮೇಲೆ ನಲ್ಲಿಗೆ ಕರೆಂಟು ಬೇಡ. ಮೇಲಿರುವ ನೀರಿನ ಒತ್ತಡವೇ ಸಾಕು.

ಎನ್‌ಟಿಸಿಪಿ ಎಂಬ ಸಾಗಣೆ ಪ್ರೋಟೀನ್ ಆ ಒತ್ತಡವನ್ನು ಬಳಸಿಕೊಳ್ಳುತ್ತದೆ. ಒಳಗೆ ನುಗ್ಗಲು ಕಾದಿರುವ ಎರಡು ಸೋಡಿಯಂ ಜೊತೆ ಒಂದು ಪಿತ್ತದ ಆಮ್ಲವನ್ನು ಸೇರಿಸಿ ಒಳಗೆ ಬಿಡುತ್ತದೆ. ಅದು ನೇರವಾಗಿ ಎಟಿಪಿ ಮುಟ್ಟುವುದಿಲ್ಲ. ಆದರೆ ಎಟಿಪಿ ನಿಂತರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ಸೋಡಿಯಂ ಒತ್ತಡ ಇಳಿಯುತ್ತದೆ, ಆಗ ಇದೂ ನಿಲ್ಲುತ್ತದೆ.

ಇನ್ನೊಂದು ಗುಂಪಿನ ಹೆಸರು ಓಎಟಿಪಿ. ಇದಕ್ಕೆ ಸೋಡಿಯಂ ಬೇಡ. ಒಳಗಿನ ಯಾವುದೋ ಒಂದನ್ನು ಹೊರಗೆ ಕೊಟ್ಟು, ಹೊರಗಿನದನ್ನು ಒಳಗೆ ತರುವ ವಿನಿಮಯ ಇದರದ್ದು. ಬೈಕಾರ್ಬನೇಟ್, ಗ್ಲುಟಾಥಯೋನ್ ಹೀಗೆ ಹಲವು ಹೆಸರು ಬರುತ್ತವೆ, ಚರ್ಚೆ ಇನ್ನೂ ನಡೆದಿದೆ. ಆದರೆ ಹೊರಗೆ ಕೊಡುವ ಸರಕನ್ನು ಒಳಗೆ ಕೂಡಿಡುವುದಕ್ಕೂ ಜೀವಕೋಶ ಶಕ್ತಿ ಸುರಿಯಲೇಬೇಕು. ಉದಾಹರಣೆಗೆ ಒಂದು ಗ್ಲುಟಾಥಯೋನ್ ಕಟ್ಟಲು ಎರಡು ಎಟಿಪಿ ಹೋಗುತ್ತವೆ. ಈ ಗುಂಪಿನ ಓಎಟಿಪಿ1ಬಿ1, ಓಎಟಿಪಿ1ಬಿ3 ಎರಡೂ ಮುಖ್ಯವಾಗಿ ಲಿವರ್‌ನಲ್ಲೇ ಇವೆ. ಕೊಲೆಸ್ಟ್ರಾಲ್‌ಗೆ ತೆಗೆದುಕೊಳ್ಳುವ ಸ್ಟಾಟಿನ್ ಮಾತ್ರೆಗಳಲ್ಲಿ ಹಲವು ಲಿವರ್ ಒಳಗೆ ಹೋಗುವುದು ಇದೇ ದಾರಿಯಲ್ಲಿ. ಅಂಗಾಂಗ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಈ ದಾರಿಗೆ ಅಡ್ಡ ಬರುತ್ತದೆ. ಆಗ ಸ್ಟಾಟಿನ್ ರಕ್ತದಲ್ಲೇ ಜಾಸ್ತಿ ಉಳಿದು ಸ್ನಾಯುಗಳಿಗೆ ತೊಂದರೆ ಕೊಡಬಹುದು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ದಾರಿಗೆ ಅಡ್ಡ ಬರುವ ವಿಷಯ ಮುಂದೆ ಬರುತ್ತದೆ.

ಅಣಬೆಯ ವಿಷ ಈ ದಾರಿಯಲ್ಲಿ ಹೋಗುತ್ತದೆ ಅಂತ ತಿಳಿದದ್ದು ನಿಧಾನವಾಗಿ. ಜರ್ಮನಿಯ ಗೀಸೆನ್‌ನಲ್ಲಿ ಮ್ಯಾಕ್ಸ್ ಫ್ರಿಮ್ಮರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಡೆತ್ ಕ್ಯಾಪ್‌ನ ಇನ್ನೊಂದು ವಿಷವಾದ ಫ್ಯಾಲಾಯ್ಡಿನ್ ಹಿಡಿದು ಕೆಲಸ ಮಾಡಿದರು. ಇಲಿಯ ಲಿವರ್‌ನಿಂದ ಬಿಡಿಸಿದ ಜೀವಕೋಶಗಳಿಗೆ ಅದನ್ನು ಹಾಕಿದರೆ ಕೆಲವೇ ನಿಮಿಷದಲ್ಲಿ ಪೊರೆಯ ಮೇಲೆ ಗುಳ್ಳೆಗಳು ಏಳುತ್ತವೆ. ಕಣ್ಣಿಗೆ ಕಾಣುವ ಈ ಗುಳ್ಳೆ ಅವರಿಗೆ ಒಳ್ಳೆಯ ಅಳತೆಗೋಲಾಯಿತು. ಜೀವಕೋಶದ ಶಕ್ತಿ ತಯಾರಿಯನ್ನು ತಡೆಯುವ ರಾಸಾಯನಿಕ ಹಾಕಿದರೆ, ತಂಪು ಮಾಡಿದರೆ, ವಿಷ ಒಳಗೆ ಹೋಗುವುದು ತಗ್ಗುತ್ತಿತ್ತು. ಪಿತ್ತದ ಆಮ್ಲ ಜೊತೆಗೆ ಹಾಕಿದರೂ ತಗ್ಗುತ್ತಿತ್ತು, ಯಾಕಂದರೆ ಎರಡಕ್ಕೂ ಬೇಕಾದದ್ದು ಒಂದೇ ದಾರಿ. ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಫ್ಯಾಲಾಯ್ಡಿನ್ ಅಷ್ಟಾಗಿ ತಟ್ಟುತ್ತಿರಲಿಲ್ಲ. ಅವುಗಳ ಲಿವರ್‌ನಲ್ಲಿ ಸಾಗಣೆ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಲಿವರ್ ಕ್ಯಾನ್ಸರ್‌ನ ಕೆಲವು ಜೀವಕೋಶಗಳಿಗೂ ತಟ್ಟುತ್ತಿರಲಿಲ್ಲ. ಅವು ಈ ಸಾಗಣೆಯನ್ನು ಕಳೆದುಕೊಂಡಿರುತ್ತವೆ.

ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ಸುಂದರವಾದ ಸಾಕ್ಷಿ ಇದು. ಆರೋಗ್ಯವಾಗಿ, ಚುರುಕಾಗಿ, ತನ್ನ ಕೆಲಸ ತಾನು ಮಾಡುವ ಜೀವಕೋಶವೇ ಮೊದಲು ಸಾಯುತ್ತದೆ. ಕೆಲಸ ಕಲಿಯದ್ದು, ಕೆಲಸ ಬಿಟ್ಟದ್ದು ಉಳಿಯುತ್ತದೆ.

ಮನುಷ್ಯರಲ್ಲಿ ಅಮಾನಿಟಿನ್ ಯಾವ ಪ್ರೋಟೀನ್ ಹಿಡಿದು ಒಳಗೆ ಹೋಗುತ್ತದೆ ಅಂತ ಖಚಿತವಾದದ್ದು 2006ರಲ್ಲಿ, ಹೈಡೆಲ್‌ಬರ್ಗ್‌ನ ಡೀಟ್ರಿಷ್ ಕೆಪ್ಲರ್ ಅವರ ಗುಂಪಿನಿಂದ. ಅದು ಓಎಟಿಪಿ1ಬಿ3. ಇಲಿಯ ಎನ್‌ಟಿಸಿಪಿಯೂ ಅಮಾನಿಟಿನ್ ಸಾಗಿಸುತ್ತದೆ ಅಂತ ಅದಕ್ಕೆ ಸ್ವಲ್ಪ ಮೊದಲೇ ಗೊತ್ತಾಗಿತ್ತು. ಅಂದರೆ ಸಾಂಟಾ ಕ್ರೂಜ್‌ನ ಕುಟುಂಬ ಆಸ್ಪತ್ರೆ ಸೇರುವ ಹೊತ್ತಿಗೆ ಈ ತಿಳಿವಳಿಕೆ ಹೊಸತು. ತುರ್ತು ಚಿಕಿತ್ಸೆಯ ಪುಸ್ತಕಗಳಿಗೆ ಅದು ಇಳಿದಿರಲಿಲ್ಲ.

ಏನು ಮಾಡಿ ನೋಡಿದರು

ಎಲ್ಲರೂ ಒಂದೇ ಊಟ ಮಾಡಿದ್ದು, ತಿಂದು ತುಂಬ ಹೊತ್ತಾದ ಮೇಲೆ ವಾಂತಿ ಶುರುವಾದದ್ದು, ಕಾಡಿನ ಅಣಬೆ. ಈ ಮೂರು ಸೇರಿದರೆ ಅನುಮಾನಕ್ಕೆ ಬೇರೆ ಕಾರಣ ಬೇಡ. ತಿಂದ ಒಂದೆರಡು ಗಂಟೆಯಲ್ಲೇ ವಾಂತಿ ಮಾಡಿಸುವ ಅಣಬೆಗಳು ಬಹಳ ಇವೆ, ಅವುಗಳಲ್ಲಿ ಹೆಚ್ಚಿನವು ಪ್ರಾಣ ತೆಗೆಯುವುದಿಲ್ಲ. ಆರು ಗಂಟೆ ದಾಟಿದ ಮೇಲೆ ಶುರುವಾದರೆ ಮಾತ್ರ ಎದೆ ನಡುಗಬೇಕು.

ರೋಗಿಗಳ ಹೊಣೆ ಹೊತ್ತ ವೈದ್ಯ ಟಾಡ್ ಮಿಚೆಲ್. ಆಗ ಅಮೆರಿಕದಲ್ಲಿ ಅಮಾನಿಟಿನ್‌ಗೆ ಅಂತ ಒಪ್ಪಿಗೆ ಪಡೆದ ಮದ್ದು ಇರಲಿಲ್ಲ. ರೂಢಿಯಲ್ಲಿದ್ದದ್ದು ಸಲೈನ್, ಇದ್ದಿಲಿನ ಪುಡಿ, ಹೆಚ್ಚಿನ ಪ್ರಮಾಣದ ಪೆನಿಸಿಲಿನ್, ಎನ್-ಅಸಿಟೈಲ್ ಸಿಸ್ಟೀನ್. ಎಲ್ಲ ಸೋತರೆ ಲಿವರ್ ಕಸಿ. ಆರು ಜನರಿಗೆ ಒಟ್ಟಿಗೆ ಕಸಿಗೆ ಲಿವರ್ ಎಲ್ಲಿಂದ ಬರಬೇಕು?

ಮಿಚೆಲ್ ಹುಡುಕುತ್ತಾ ಹೋದಾಗ ಯುರೋಪಿನಲ್ಲಿ ವರ್ಷಗಳಿಂದ ಬಳಸುತ್ತಿದ್ದ ಒಂದು ಔಷಧ ಸಿಕ್ಕಿತು. ಸಿಲಿಬಿನಿನ್. ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದಿಂದ ತೆಗೆದದ್ದು. ರಕ್ತನಾಳಕ್ಕೆ ಹಾಕುವ ರೂಪದಲ್ಲಿ ಜರ್ಮನಿಯಲ್ಲಿ ತಯಾರಾಗುತ್ತಿತ್ತು. ಅಮೆರಿಕದಲ್ಲಿ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಅವರು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಿಂದ ತುರ್ತು ಅನುಮತಿ ಪಡೆದರು. ಔಷಧ ಜರ್ಮನಿಯಿಂದ ವಿಮಾನದಲ್ಲಿ ಬಂತು.

ಈ ಪ್ರಕರಣದ ಮೊದಲ ತಿರುವು ಇದು. ಸಾಮಾನ್ಯ ಊರಿನ ಆಸ್ಪತ್ರೆಯ ಒಬ್ಬ ವೈದ್ಯ, ತನ್ನ ದೇಶದಲ್ಲಿ ಇಲ್ಲದ ಮದ್ದನ್ನು, ತನಗೆ ಬಳಸಿ ಅನುಭವವಿಲ್ಲದ ಮದ್ದನ್ನು ಬೇರೆ ಖಂಡದಿಂದ ತರಿಸುವ ತೀರ್ಮಾನ ಮಾಡಿದರು. ರೋಗಿಗಳು ಹುಷಾರಾದ ಹಾಗೆ ಕಾಣುವ ಆ ಮೋಸದ ಹೊತ್ತಿನಲ್ಲಿ ಸುಮ್ನೆ ಕಾಯುವುದು ಸುಲಭವಿತ್ತು. ಕಾದಿದ್ದರೆ ಮದ್ದು ಬಂದೂ ಪ್ರಯೋಜನವಿರುತ್ತಿರಲಿಲ್ಲ.

ಸಿಲಿಬಿನಿನ್ ಏನು ಮಾಡುತ್ತದೆ? ವಿಷವನ್ನು ಒಡೆಯುವುದಿಲ್ಲ. ನಕಲು ಯಂತ್ರವನ್ನು ಬಿಡಿಸುವುದೂ ಇಲ್ಲ. ಹೈಡೆಲ್‌ಬರ್ಗ್‌ನವರು ತೋರಿಸಿದ ಹಾಗೆ ಅದು ಓಎಟಿಪಿ1ಬಿ3ಕ್ಕೆ ಅಡ್ಡ ಕೂರುತ್ತದೆ. ಅಮಾನಿಟಿನ್‌ಗೆ ಒಳಗೆ ಹೋಗುವ ದಾರಿ ಸಿಗುವುದಿಲ್ಲ. ಪೆನಿಸಿಲಿನ್‌ಗೂ ಸೈಕ್ಲೋಸ್ಪೋರಿನ್‌ಗೂ ಇದೇ ಗುಣ ಇದೆ ಅಂತ ಅದೇ ಅಧ್ಯಯನದಲ್ಲಿ ಗೊತ್ತಾಯಿತು. ವೈದ್ಯರು ದಶಕಗಳಿಂದ ಪೆನಿಸಿಲಿನ್ ಯಾಕೆ ಕೊಡುತ್ತಿದ್ದರು ಎಂಬುದಕ್ಕೆ ಹೀಗೆ ತಡವಾಗಿ ಒಂದು ವಿವರಣೆ ಸಿಕ್ಕಿತು.

ಪ್ರಯೋಗಾಲಯದಲ್ಲಿ ಜೀವಕೋಶದ ಶಕ್ತಿಯನ್ನೇ ತಡೆದು ವಿಷ ಒಳಹೋಗುವುದನ್ನು ನಿಲ್ಲಿಸಬಹುದು. ಮನುಷ್ಯನಲ್ಲಿ ಅದು ಆಗದ ಮಾತು. ಎಟಿಪಿ ನಿಂತರೆ ಲಿವರ್ ತಾನೇ ಸಾಯುತ್ತದೆ. ಹಾಗಾಗಿ ಪಂಪ್ ಓಡಲಿ, ಒತ್ತಡ ಇರಲಿ, ಆ ಒಂದು ಪ್ರೋಟೀನ್ ಮಾತ್ರ ಸ್ವಲ್ಪ ಕಾಲ ಕೆಲಸ ಬಿಡಲಿ ಅನ್ನುವುದೇ ಉಪಾಯ. ಕೆಲವು ದಿನ ಲಿವರ್ ತನ್ನ ಶುದ್ಧಿ ಕೆಲಸ ಮಾಡದಿರುವುದೇ ಅದಕ್ಕೆ ರಕ್ಷೆ.

ಆಮೇಲೆ ಆದದ್ದು

ಔಷಧ ಸಿಕ್ಕ ಮೇಲೆ ಲಿವರ್‌ಗಳು ಚೇತರಿಸಿದವು. ಐದು ಜನ ಮನೆಗೆ ಹೋದರು. ಅಜ್ಜಿಯ ಲಿವರ್ ಕೂಡ ಸುಧಾರಿಸಿತು. ಆದರೆ ಅವರ ಕಿಡ್ನಿಗಳು ನಿಂತುಹೋದವು.

ಎರಡನೆಯ ತಿರುವು ಇದೇ, ಮತ್ತು ಇದು ರೋಗಿ ತೀರಿಕೊಂಡ ಮೇಲೆ ಆದದ್ದು. ಎಂಬತ್ತು ದಾಟಿದ ವಯಸ್ಸು, ಕಿಡ್ನಿ ಸೋತಿತು ಅಂತ ಫೈಲ್ ಮುಚ್ಚಬಹುದಿತ್ತು. ಮಿಚೆಲ್ ಮುಚ್ಚಲಿಲ್ಲ. ಆ ಸಾವನ್ನು ಅವರು ಒಂದು ಪ್ರಶ್ನೆಯಾಗಿ ತೆಗೆದುಕೊಂಡರು: ಲಿವರ್ ದಾರಿಗೆ ಅಡ್ಡ ಹಾಕಿದರೆ ವಿಷ ರಕ್ತದಲ್ಲಿ ಉಳಿಯಿತು. ಅಲ್ಲಿಂದ ಅದನ್ನು ಹೊರಹಾಕುವವರು ಯಾರು?

ಕಿಡ್ನಿ. ಅಮಾನಿಟಿನ್ ಚಿಕ್ಕ ಅಣು, ನೀರಿನಲ್ಲಿ ಕರಗುತ್ತದೆ, ರಕ್ತದ ಅಲ್ಬುಮಿನ್ ಎಂಬ ದೊಡ್ಡ ಪ್ರೋಟೀನ್‌ಗೆ ಅಂಟಿಕೊಳ್ಳುವುದಿಲ್ಲ. ಕಿಡ್ನಿಯ ಸೋಸುವಿಕೆಯಲ್ಲಿ ಸಲೀಸಾಗಿ ಮೂತ್ರಕ್ಕೆ ಇಳಿಯುತ್ತದೆ. ತಿಂದ ಮೊದಲ ದಿನಗಳಲ್ಲಿ ಮೂತ್ರದಲ್ಲಿ ಅದನ್ನು ಅಳೆಯಬಹುದು. ಆದರೆ ಇಡೀ ದಿನ ವಾಂತಿ, ಭೇದಿಯಾದವರ ದೇಹದಲ್ಲಿ ನೀರೇ ಇರುವುದಿಲ್ಲ. ಕಿಡ್ನಿಗೆ ರಕ್ತ ತಗ್ಗುತ್ತದೆ, ಮೂತ್ರ ನಿಲ್ಲುತ್ತದೆ, ವಿಷ ರಕ್ತದಲ್ಲೇ ಸುತ್ತುತ್ತದೆ. ಅಮಾನಿಟಿನ್ ಕಿಡ್ನಿಗೂ ನೇರವಾಗಿ ಪೆಟ್ಟು ಕೊಡುತ್ತದೆ. ವಯಸ್ಸಾದವರ ಕಿಡ್ನಿಗೆ ಇಷ್ಟನ್ನು ತಾಳುವ ಶಕ್ತಿ ಕಡಿಮೆ.

ಅಂದರೆ ಮೊದಲು ನಿಲ್ಲಿಸಬೇಕಾದ್ದು ಲಿವರ್‌ನ ಕೆಲಸ, ಅದೇ ಹೊತ್ತಿಗೆ ಓಡಿಸಬೇಕಾದ್ದು ಕಿಡ್ನಿಯ ಕೆಲಸ. ಒಂದನ್ನು ಬಿಟ್ಟು ಇನ್ನೊಂದು ಮಾಡಿದರೆ ಅರ್ಧ ಚಿಕಿತ್ಸೆ. ಸಲೈನ್ ಎನ್ನುವುದು ಸುಸ್ತಿಗೆ ಹಾಕುವ ಡ್ರಿಪ್ ಮಾತ್ರ ಆಗಿ ಉಳಿಯಲಿಲ್ಲ, ಅದೇ ವಿಷ ತೆಗೆಯುವ ಮುಖ್ಯ ಮದ್ದಾಯಿತು. ಎಷ್ಟು ಮೂತ್ರ ಬರುತ್ತಿದೆ ಅಂತ ಗಂಟೆಗಂಟೆಗೂ ನೋಡುವುದು ಎಎಲ್‌ಟಿ ನೋಡುವಷ್ಟೇ ಮುಖ್ಯವಾಯಿತು.

ಲಿವರ್ ಒಳಗೆ ಆಗಲೇ ಸೇರಿದ ವಿಷದ ಕಥೆ ಬೇರೆ. ಲಿವರ್ ಅದರಲ್ಲಿ ಒಂದು ಭಾಗವನ್ನು ಪಿತ್ತರಸಕ್ಕೆ ಬಿಡುತ್ತದೆ. ಪಿತ್ತರಸಕ್ಕೆ ಹೊರಹಾಕುವ ಪಂಪ್‌ಗಳಲ್ಲಿ ಹಲವು ನೇರವಾಗಿ ಎಟಿಪಿ ಸುಟ್ಟು ಕೆಲಸ ಮಾಡುವವು. ಆದರೆ ಪಿತ್ತರಸ ಪಿತ್ತಕೋಶದಲ್ಲಿ ಕೂಡಿ, ಊಟ ಮಾಡಿದಾಗ ಕರುಳಿಗೆ ಸುರಿಯುತ್ತದೆ. ಕರುಳು ವಿಷವನ್ನು ಮತ್ತೆ ಹೀರುತ್ತದೆ, ರಕ್ತ ಅದನ್ನು ಮತ್ತೆ ಲಿವರ್‌ಗೆ ಒಯ್ಯುತ್ತದೆ, ಲಿವರ್ ಶಕ್ತಿ ಖರ್ಚು ಮಾಡಿ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಪಿತ್ತದ ಆಮ್ಲಗಳನ್ನು ಪೋಲಾಗದಂತೆ ಮರುಬಳಕೆ ಮಾಡಲು ದೇಹ ಕಟ್ಟಿಕೊಂಡ ಸುತ್ತು ಅದು. ವಿಷ ಬಂದಾಗ ಅದೇ ಸುತ್ತು ಒಂದೇ ವಿಷದಿಂದ ಹಲವು ಸಲ ಪೆಟ್ಟು ತಿನ್ನಿಸುತ್ತದೆ.

ಈ ಸುತ್ತು ಮುರಿಯುವುದಕ್ಕೆ ಮುಂದಿನ ರೋಗಿಗಳಲ್ಲಿ ಬೇರೆ ಬೇರೆ ಹೆಜ್ಜೆಗಳು ಸೇರಿದವು. ಊಟ ಕೊಡದಿದ್ದರೆ ಪಿತ್ತಕೋಶ ಹಿಂಡುವುದಿಲ್ಲ. ಆಕ್ಟ್ರಿಯೊಟೈಡ್ ಎಂಬ ಇಂಜೆಕ್ಷನ್ ಅದನ್ನು ಹಿಂಡದಂತೆ ಇನ್ನಷ್ಟು ತಡೆಯುತ್ತದೆ. ಕೆಲವರಲ್ಲಿ ಚರ್ಮದ ಮೂಲಕ ನಳಿಕೆ ಇಳಿಸಿ ಪಿತ್ತರಸವನ್ನು ಹೊರಗೇ ತೆಗೆದರು. ಪಿತ್ತಕೋಶ ಖಾಲಿ ಮಾಡುವ ಕೆಲಸಕ್ಕೂ ಅಪಾಯವಿದೆ, ಯಾಕಂದರೆ ರಕ್ತ ಹೆಪ್ಪುಗಟ್ಟದ ರೋಗಿಗೆ ಸೂಜಿ ಹಾಕುವುದು ಸಣ್ಣ ವಿಷಯವಲ್ಲ. ಅದನ್ನು ಎಲ್ಲರಿಗೂ ಮಾಡಬೇಕು ಅಂತ ನಾನು ಒಪ್ಪುವುದಿಲ್ಲ. ಉಪವಾಸ, ಸಲೈನ್ ಎರಡಕ್ಕೆ ಮಾತ್ರ ಕಾಯುವ ಕಾರಣವೇ ಇಲ್ಲ.

ಸಾಕ್ಷಿ ಎಷ್ಟು ಗಟ್ಟಿ

ಮುಂದೆ ಅಮೆರಿಕದಲ್ಲಿ ಸಿಲಿಬಿನಿನ್‌ಗೆ ಅಧಿಕೃತ ಕ್ಲಿನಿಕಲ್ ಟ್ರಯಲ್ ಶುರುವಾಯಿತು. ಮುನ್ನಡೆಸಿದ್ದು ಮಿಚೆಲ್ ಅವರೇ. ಅದರಲ್ಲಿ ಎಲ್ಲರಿಗೂ ಔಷಧ ಕೊಟ್ಟರು. ಅರ್ಧ ಜನರಿಗೆ ಕೊಟ್ಟು ಅರ್ಧ ಜನರಿಗೆ ಕೊಡದೆ ಹೋಲಿಸುವುದು ಇಂಥ ವಿಷದಲ್ಲಿ ಯಾರ ಮನಸ್ಸಿಗೂ ಒಪ್ಪುವ ಮಾತಲ್ಲ. ಅದರಿಂದ ಒಂದು ತೊಡಕೂ ಆಯಿತು. ಬದುಕಿದವರು ಸಿಲಿಬಿನಿನ್‌ನಿಂದ ಬದುಕಿದರೋ, ಸರಿಯಾದ ಹೊತ್ತಿಗೆ ಸುರಿದ ಸಲೈನ್‌ನಿಂದ ಬದುಕಿದರೋ ಬೇರ್ಪಡಿಸಿ ಹೇಳಲು ಆಗುವುದಿಲ್ಲ. ಸಾಂಟಾ ಕ್ರೂಜ್‌ನ ಆರು ಜನರನ್ನು ಇಟ್ಟುಕೊಂಡು ಔಷಧ ಗೆದ್ದಿತು ಅಂತ ಹೇಳುವುದು ಸರಿಯಲ್ಲ. ಆ ಆರು ಜನರಿಂದ ಖಚಿತವಾಗಿ ಕಲಿತದ್ದು ಕಿಡ್ನಿಯ ಮಹತ್ವ.

2016ರ ಡಿಸೆಂಬರ್‌ನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಚೆನ್ನಾಗಿ ಮಳೆಯಾದ ಮೇಲೆ 14 ಜನ ಡೆತ್ ಕ್ಯಾಪ್ ತಿಂದು ಕಾಯಿಲೆ ಬಿದ್ದರು. ಮೂವರಿಗೆ ಲಿವರ್ ಕಸಿ ಮಾಡಬೇಕಾಯಿತು. ಒಬ್ಬರನ್ನು ಬಿಟ್ಟು ಎಲ್ಲರೂ ಪೂರ್ತಿ ಹುಷಾರಾದರು. ಆ ಒಬ್ಬರು ಪುಟ್ಟ ಮಗು. ಜೀವ ಉಳಿಯಿತು, ಮಿದುಳಿಗೆ ಆದ ಹಾನಿ ಶಾಶ್ವತವಾಗಿ ಉಳಿಯಿತು.

2023ರಲ್ಲಿ ಚೀನಾದ ಸಂಶೋಧಕರು ಇನ್ನೊಂದು ದಿಕ್ಕು ತೋರಿಸಿದರು. ಅಮಾನಿಟಿನ್ ಜೀವಕೋಶವನ್ನು ಕೊಲ್ಲಲು ಎಸ್‌ಟಿಟಿ3ಬಿ ಎಂಬ ಪ್ರೋಟೀನ್ ಬೇಕು, ಇಂಡೊಸಯಾನಿನ್ ಗ್ರೀನ್ ಎಂಬ ಬಣ್ಣ ಅದನ್ನು ತಡೆಯುತ್ತದೆ, ಇಲಿಗಳಲ್ಲಿ ಸಾವು ತಗ್ಗಿತು ಅಂತ ಅವರ ವರದಿ. ಈ ಬಣ್ಣವನ್ನು ವೈದ್ಯರು ದಶಕಗಳಿಂದ ಲಿವರ್ ಎಷ್ಟು ಚುರುಕಾಗಿ ಎಳೆದುಕೊಳ್ಳುತ್ತದೆ ಅಂತ ಅಳೆಯಲು ಬಳಸುತ್ತಿದ್ದಾರೆ. ಅದು ಒಳಗೆ ಹೋಗುವುದೂ ಓಎಟಿಪಿ1ಬಿ3, ಎನ್‌ಟಿಸಿಪಿ ದಾರಿಯಲ್ಲೇ. ಮನುಷ್ಯರಲ್ಲಿ ಅದರ ಕೆಲಸ ಇನ್ನೂ ಸಾಬೀತಾಗಬೇಕು.

ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಲಿಮರಿನ್ ಮಾತ್ರೆಗಳು ಲಿವರ್ ಟಾನಿಕ್ ಅಂತ ಸಿಗುತ್ತವೆ. ಅದೂ ಇದೇ ಮುಳ್ಳುಗಿಡದ್ದು. ಅಣಬೆ ತಿಂದು ವಾಂತಿ ಶುರುವಾದಾಗ ಅದನ್ನು ನುಂಗಿ ಮನೆಯಲ್ಲಿರುವುದು ಪ್ರಾಣಕ್ಕೆ ಅಪಾಯ. ಮಾತ್ರೆಯಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆಸ್ಪತ್ರೆಯಲ್ಲಿ ಕೊಡುವುದು ತೂಕದ ಪ್ರತಿ ಕಿಲೊಗೆ ದಿನಕ್ಕೆ 20 ಮಿಲಿಗ್ರಾಂ ಲೆಕ್ಕದಲ್ಲಿ, ನೇರ ರಕ್ತನಾಳಕ್ಕೆ, ಬಿಡದೆ. ‘ಲಿವರ್ ಶುದ್ಧಿ’ ಮಾಡುವ ಕಷಾಯಗಳ ಮಾತೂ ಅಷ್ಟೇ. ಲಿವರ್‌ಗೆ ಎಳೆದುಕೊಳ್ಳುವ ಕೆಲಸ ಕಲಿಸಬೇಕಾಗಿಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಕಾಡಿನ ಅಣಬೆ ತಿಂದು ಯಾರಿಗಾದರೂ ವಾಂತಿ, ಭೇದಿ ಶುರುವಾದರೆ ಕಾಯಬೇಡಿ. ತಿಂದ ಹೊತ್ತು, ವಾಂತಿ ಶುರುವಾದ ಹೊತ್ತು ಎರಡನ್ನೂ ಬರೆದಿಟ್ಟುಕೊಳ್ಳಿ. ಉಳಿದ ಅಣಬೆ ಇದ್ದರೆ ಪೇಪರ್ ಕವರ್‌ನಲ್ಲಿ ಹಾಕಿ ಆಸ್ಪತ್ರೆಗೆ ಒಯ್ಯಿರಿ. ಜೊತೆಗೆ ತಿಂದವರು ಚೆನ್ನಾಗಿದ್ದರೂ ಅವರನ್ನೂ ಕರೆದುಕೊಂಡು ಹೋಗಿ. ಎರಡನೆಯ ದಿನ ಹುಷಾರಾದ ಹಾಗೆ ಕಂಡರೆ ಲಿವರ್, ಕಿಡ್ನಿ, ಐಎನ್‌ಆರ್ ಪರೀಕ್ಷೆ ಮತ್ತೆ ಮಾಡಿಸದೆ ಮನೆಗೆ ಬರಬೇಡಿ. ವಿಷ ಸೇರಿದಾಗ ಸಲಹೆ ಕೊಡುವ ಪಾಯ್ಸನ್ ಕಂಟ್ರೋಲ್‌ ಸಹಾಯವಾಣಿಯ ನಂಬರ್ 1-800-222-1222. ದೇಶದ ಯಾವ ಮೂಲೆಯಿಂದಲೂ, ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ.